ಸಣ್ಣ ವಿಮಾನಕ್ಕೆ ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ ಉಪಕರಣ) ಕೊಳ್ಳುವಾಗ ಕಂಪನಿಯ ಹಣಕಾಸು ನೋಡಬೇಕಾ?

ಹಾಸನದಿಂದ ಕೇಳಿದ್ದೀರಿ: ಎರಡು ಸೀಟಿನ ವಿಮಾನಕ್ಕೆ ಹೊಸ ಡಿಸ್‌ಪ್ಲೇ ಬೇಕು, ಚಿಕ್ಕ ಕಂಪನಿಯದು ಅಗ್ಗ, ತಗೋಬಹುದಾ ಅಂತ. ತಗೋಬಹುದು, ಆದರೆ ಬೆಲೆಗಿಂತ ಮೊದಲು ಕಂಪನಿ ಗಟ್ಟಿ ಇದೆಯಾ ನೋಡಿ. ಸಕಲೇಶಪುರದ ತೋಟದವರು ಕಾಫಿ ಪಲ್ಪರ್ ಕೊಳ್ಳುವಾಗ ಸ್ಪೇರ್ ಎಲ್ಲಿ ಸಿಗುತ್ತೆ ಅಂತಲೇ ಮೊದಲು ಕೇಳ್ತಾರೆ, ಅಲ್ವಾ?

ಇಲ್ಲಿ ಸ್ಪೇರ್ ಅಷ್ಟೇ ಅಲ್ಲ, ಸಾಫ್ಟ್‌ವೇರ್ ಕೂಡ ಬೇಕು. ಜಿಪಿಎಸ್‌ನ ನ್ಯಾವಿಗೇಶನ್ ಡೇಟಾ 28 ದಿನಕ್ಕೊಮ್ಮೆ ಹೊಸದಾಗುತ್ತದೆ. ಕಂಪನಿ ಬಾಗಿಲು ಹಾಕಿದರೂ ಪರದೆ ಬೆಳಗುತ್ತಲೇ ಇರುತ್ತದೆ, ಆದರೆ ಅದು ತೋರಿಸುವ ಮಾಹಿತಿ ಹಳತಾಗುತ್ತಾ ಹೋಗುತ್ತದೆ, ಅಪಾಯ ಇರೋದೇ ಅಲ್ಲಿ. ಅಮೆರಿಕದಲ್ಲಿ ಜೆಟ್ ತಯಾರಿಸುತ್ತಿದ್ದ ಎಕ್ಲಿಪ್ಸ್ ಏವಿಯೇಷನ್ 2008ರ ನವೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿದಾಗ, ವಿಮಾನ ಕೈಗೆ ಬಂದವರೂ ಬಿಡಿಭಾಗಕ್ಕೆ, ಸಪೋರ್ಟ್‌ಗೆ ಪರದಾಡಿದರು.

ಏವಿಯಾನಿಕ್ಸ್ ತಯಾರಿಸುವ ಗಾರ್ಮಿನ್ ಥರದ ಕಂಪನಿ ಷೇರುಪೇಟೆಯಲ್ಲಿದೆ, ಲೆಕ್ಕಪತ್ರ ಯಾರು ಬೇಕಾದರೂ ಓದಬಹುದು. ಖಾಸಗಿ ಕಂಪನಿಯಾದರೆ ಹಳೆ ಗ್ರಾಹಕರನ್ನೇ ಕೇಳಿ: ಹತ್ತು ವರ್ಷದ ಹಿಂದಿನ ಮಾಡೆಲ್ ಈಗಲೂ ರಿಪೇರಿ ಮಾಡ್ತಾರಾ, ಕಳಿಸಿದ್ದು ಎಷ್ಟು ದಿನಕ್ಕೆ ವಾಪಸ್ ಬರುತ್ತೆ. ಮುಂದೆ ಬರುತ್ತೆ ಅನ್ನೋ ಫೀಚರ್ ನಂಬಿ ಸುಮ್ನೆ ಅಡ್ವಾನ್ಸ್ ಕೊಡಬೇಡಿ.

ಇನ್ನೊಂದು, ಆಟೋಪೈಲಟ್ ಬೇರೆ ಕಂಪನಿಯ ಪರದೆಯ ಜೊತೆಗೂ ಕೆಲಸ ಮಾಡುತ್ತಾ ಅಂತ ಬರವಣಿಗೆಯಲ್ಲಿ ತಗೊಳ್ಳಿ, ಇಲ್ಲದಿದ್ದರೆ ಒಂದು ಕೆಟ್ಟರೆ ಎರಡನ್ನೂ ಬದಲಾಯಿಸಬೇಕಾಗಬಹುದು.