ಹೆಬ್ಬಾವಿನ ಗೂಡಿಗೆ ಪ್ಲೈವುಡ್ಡಾ, ಗಾಜಾ?

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ಬಾಲ್ ಪೈಥಾನ್ ಇದೆ. ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆ. ಇಷ್ಟು ದಿನ ಪ್ಲಾಸ್ಟಿಕ್ ಡಬ್ಬಿಯಲ್ಲಿತ್ತು, ಈಗ ನಾಲ್ಕು ಅಡಿ ಉದ್ದದ ಗೂಡು ಮಾಡಿಸಬೇಕು. ಎಂಡಿಎಫ್ ಹಾಕಿ ಒಳಗೆ ವಾರ್ನಿಷ್ ಹೊಡೆದರೆ ಸಾಕು ಅಂತಾರೆ ಬಡಗಿ. ಅಕ್ವೇರಿಯಂ ಅಂಗಡಿಯವರು ಪೂರ್ತಿ ಗಾಜಿನದೇ ಮಾಡಿಸಿ ಅಂತಾರೆ. ಯಾರ ಮಾತು ಕೇಳಲಿ?
– ಓದುಗರು, ಬೆಂಗಳೂರು

ಉತ್ತರ: ಇಬ್ಬರ ಮಾತೂ ಬೇಡ. ನೋಂದಣಿ ಮಾಡಿಸಿದ್ದು ಒಳ್ಳೆಯದಾಯಿತು. 2024ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ ಇಂಥ ವಿದೇಶಿ ಪ್ರಾಣಿಗಳಿಗೆ ಅದು ಕಡ್ಡಾಯ.

ಹಾವು ತನ್ನ ಮೈಯನ್ನು ತಾನೇ ಬೆಚ್ಚಗೆ ಇಟ್ಟುಕೊಳ್ಳಲಾರದು. ಬಿಸಿ ಬೇಕಾದರೆ ಬಿಸಿಯಿರುವ ಕಡೆ ಹೋಗುತ್ತದೆ, ತಂಪು ಬೇಕಾದರೆ ಆಚೆ ಸರಿಯುತ್ತದೆ. ನಿಮ್ಮ ಹಾವಿಗೆ ಗೂಡಿನ ಒಂದು ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25ರಿಂದ 27 ಡಿಗ್ರಿ ಇರಬೇಕು. ಗಾಳಿಯಲ್ಲಿ ತೇವಾಂಶ ಶೇ 60ರ ಆಸುಪಾಸು ಇರಬೇಕು, ಪೊರೆ ಬಿಡುವಾಗ ಇನ್ನೂ ಸ್ವಲ್ಪ ಜಾಸ್ತಿ. ಇದು ಪಶ್ಚಿಮ ಆಫ್ರಿಕಾದ ಹಾವು. ಅಲ್ಲಿ ಹಗಲು ಹೊತ್ತು ಬಿಲ, ಹುತ್ತಗಳ ಒಳಗೆ ಮಲಗಿರುತ್ತದೆ. ಹೊರಗೆ ಎಷ್ಟೇ ಒಣಗಿದ್ದರೂ ಬಿಲದೊಳಗೆ ಹಸಿ ಇರುತ್ತದೆ. ನೀವು ಮಾಡಿಸಬೇಕಾದ್ದು ಆ ಹಸಿ ಮತ್ತು ಬಿಸಿ ಎರಡನ್ನೂ ಹಿಡಿದಿಡುವ ಗೂಡು.

ಗಾಜಿನ ತೊಟ್ಟಿಯಲ್ಲಿ ಇದು ಕಷ್ಟ. ಗಾಜು ಶಾಖವನ್ನು ಬೇಗ ಹೊರಗೆ ಬಿಡುತ್ತದೆ. ಮೇಲೆ ಜಾಲರಿ ಮುಚ್ಚಳ ಇದ್ದರಂತೂ ತೇವವೂ ಹೋಗುತ್ತದೆ. ಫೆಬ್ರವರಿ, ಮಾರ್ಚ್‌ನ ಬೆಂಗಳೂರಿನ ಒಣ ಮಧ್ಯಾಹ್ನಗಳಲ್ಲಿ ಎಷ್ಟು ನೀರು ಚಿಮುಕಿಸಿದರೂ ಸಾಲದು. ಪೊರೆ ತುಂಡುತುಂಡಾಗಿ ಬಿಡುವುದು, ಕಣ್ಣಿನ ಮೇಲೆ ಹಳೆ ಪೊರೆ ಉಳಿಯುವುದು ಶುರುವಾಗುತ್ತದೆ. ನಾಲ್ಕೂ ಕಡೆ ಬಯಲಾಗಿದ್ದರೆ ಹಾವಿಗೆ ನೆಮ್ಮದಿಯೂ ಇರುವುದಿಲ್ಲ. ಆದ್ದರಿಂದ ಮುಂಭಾಗಕ್ಕೆ ಮಾತ್ರ ಗಾಜು ಹಾಕಿಸಿ.

ಎಂಡಿಎಫ್ ಅಂದರೆ ಮರದ ನಾರು ಮತ್ತು ಅಂಟು. ಆ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನ್ನೋ ಅನಿಲ ನಿಧಾನವಾಗಿ ಹೊರಗೆ ಬರುತ್ತದೆ. ಬಿಸಿ, ತೇವ ಎರಡೂ ಇದ್ದಲ್ಲಿ ಇನ್ನೂ ಜಾಸ್ತಿ ಬರುತ್ತದೆ. ಅದೂ ಅಲ್ಲದೆ ಒಂದು ಮೂಲೆಗೆ ನೀರು ಇಳಿದರೆ ಎಂಡಿಎಫ್ ಉಬ್ಬುತ್ತದೆ, ಒಣಗಿದ ಮೇಲೂ ಹಿಂದಿನ ಹಾಗೆ ಆಗುವುದಿಲ್ಲ. ಹಾವು ನೀರಿನ ಬಟ್ಟಲು ಮಗುಚುವುದು ಸಾಮಾನ್ಯ. ವಾರ್ನಿಷ್ ಇದನ್ನೆಲ್ಲ ತಡೆಯುವುದಿಲ್ಲ.

ಉಳಿದದ್ದು ಎರಡು: ಒಳ್ಳೆ ಪ್ಲೈವುಡ್, ಇಲ್ಲವೇ ಪಿವಿಸಿ ಫೋಮ್ ಬೋರ್ಡ್.

ಪ್ಲೈವುಡ್ ಆದರೆ ಐಎಸ್ 710 ಮುದ್ರೆಯ ಮರೀನ್ ಪ್ಲೈ ಕೇಳಿ. ಇದರ ಅಂಟು 72 ಗಂಟೆ ಕುದಿಯುವ ನೀರಿನ ಪರೀಕ್ಷೆ ತಡೆಯಬೇಕು. ಮುದ್ರೆ ನೋಡಿದ್ದು ಸಾಕು ಅಂದುಕೊಳ್ಳಬೇಡಿ. ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಪದರಗಳು ಹಳೆ ಪುಸ್ತಕದ ಹಾಳೆಗಳ ಹಾಗೆ ಬಿಡಿಬಿಡಿಯಾಗಿ ಕಂಡರೆ, ನಡುವೆ ಸಂದು ಇದ್ದರೆ, ಆ ಹಲಗೆ ಬೇಡ. ನೀರು ಒಳಗೆ ಹೋಗುವುದು ಮೇಲ್ಮೈಯಿಂದಲ್ಲ, ಅಂಚಿನಿಂದ.

ಇನ್ನೊಂದು ವಿಷಯವನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಮರೀನ್ ಪ್ಲೈಗೆ ಗೆದ್ದಲು, ಹುಳು ಹಿಡಿಯದಂತೆ ಔಷಧಿ ಹಾಕಿರುತ್ತಾರೆ. ಅಡುಗೆಮನೆ ಕಪಾಟಿಗೆ ಅದು ಒಳ್ಳೆಯದೇ. ಆದರೆ ನಿಮ್ಮ ಹಾವು ಆ ಹಲಗೆಯ ಮೇಲೆ ಹೊಟ್ಟೆ ಎಳೆದುಕೊಂಡೇ ಓಡಾಡುತ್ತದೆ, ಹೊತ್ತಿಗೊಮ್ಮೆ ನಾಲಿಗೆ ಚಾಚಿ ಮೂಸುತ್ತದೆ. ಹಾಗಾಗಿ ಒಳಗಡೆ ಬರಿ ಪ್ಲೈ ಒಂದಿಂಚೂ ಕಾಣಬಾರದು. ಒಳಮೈಗೆಲ್ಲ ಸನ್‌ಮೈಕಾ ಅಂಟಿಸಿ. ಅಂಚುಗಳಿಗೆ, ಸ್ಕ್ರೂ ತೂತುಗಳಿಗೆ ನೀರಿನ ಆಧಾರದ ಪಿಯು (ಪಾಲಿಯುರೆಥೇನ್ ಲೇಪನ) ಮೂರು ಕೋಟ್ ಕೊಡಿಸಿ. ಕೆಳಗಿನ ಮೂಲೆಗಳಿಗೆ ಸಿಲಿಕಾನ್ ಹಾಕಿಸಿ. ಪಿಯು ಮೊದಲು, ಸಿಲಿಕಾನ್ ಆಮೇಲೆ. ಸಿಲಿಕಾನ್ ಮೇಲೆ ಬಣ್ಣ ಹಿಡಿಯುವುದಿಲ್ಲ. ಸಿಲಿಕಾನ್ ಅಕ್ವೇರಿಯಂಗೆ ಬಳಸುವಂಥದ್ದೇ ಇರಲಿ. ಬಾತ್‌ರೂಮ್‌ಗೆ ಅಂತ ಮಾರುವುದರಲ್ಲಿ ಬೂಸ್ಟು ತಡೆಯುವ ರಾಸಾಯನಿಕ ಇರುತ್ತದೆ. ಎಲ್ಲಾ ಮುಗಿದ ಮೇಲೆ ಗೂಡನ್ನು ಬಾಗಿಲು ತೆರೆದು ಎರಡು ವಾರ ಗಾಳಿಗಿಡಿ. ಆಮೇಲೆ ಬಾಗಿಲು ಮುಚ್ಚಿ, ಹೀಟರ್ ಹಾಕಿ, ಒಂದು ದಿನ ಬಿಟ್ಟು ಮೂಗಿಟ್ಟು ನೋಡಿ. ವಾಸನೆ ಬಂದರೆ ಇನ್ನೂ ಕಾಯಬೇಕು. ಅವಸರ ಮಾಡಲೇಬೇಡಿ.

ಪಿವಿಸಿ ಬೋರ್ಡ್‌ನಲ್ಲಿ ಈ ರಗಳೆ ಕಡಿಮೆ. ನೀರು ಕುಡಿಯುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಹಗುರ. ನನ್ನ ಮಟ್ಟಿಗೆ ಬಾಲ್ ಪೈಥಾನ್‌ಗೆ ಇದೇ ಮೊದಲ ಆಯ್ಕೆ. 18 ಎಂಎಂ ದಪ್ಪ ಇರಲಿ. ಸೀಸ ಇಲ್ಲದ್ದೇ ಕೇಳಿ. ಉಗುರಿನಲ್ಲಿ ಒತ್ತಿ ನೋಡಿ. ಸುಲಭವಾಗಿ ಕುಳಿ ಬಿದ್ದರೆ ಸಾಂದ್ರತೆ ಕಡಿಮೆ ಅಂತ ಅರ್ಥ. ಅದರಲ್ಲಿ ಸ್ಕ್ರೂ ನಿಲ್ಲುವುದಿಲ್ಲ, ನಾಲ್ಕು ಅಡಿ ಉದ್ದಕ್ಕೆ ನಡುವೆ ಜೋಲುತ್ತದೆ. ಇದರ ದೌರ್ಬಲ್ಯ ಬಿಸಿ. ಪಿವಿಸಿ 80 ಡಿಗ್ರಿಯೊಳಗೇ ಮೆದುವಾಗುತ್ತದೆ, ಸೆರಾಮಿಕ್ ಹೀಟರಿನ ಮೈ 200 ಡಿಗ್ರಿ ದಾಟುತ್ತದೆ. ಆದ್ದರಿಂದ ಹೀಟರಿಗೂ ಬೋರ್ಡಿಗೂ ನಡುವೆ ಒಂದು ಗೇಣು ಜಾಗ ಬಿಡಿ. ಹೋಲ್ಡರ್ ಪಿಂಗಾಣಿಯದಾಗಿರಲಿ, ಪ್ಲಾಸ್ಟಿಕ್ಕಿನದು ಬೇಡ. ಸುತ್ತ ಲೋಹದ ಗಾರ್ಡ್ ಇರಲೇಬೇಕು, ಇಲ್ಲದಿದ್ದರೆ ಹಾವು ಹೀಟರಿಗೇ ಸುತ್ತಿಕೊಂಡು ಮೈ ಸುಟ್ಟುಕೊಳ್ಳುತ್ತದೆ. ಥರ್ಮೋಸ್ಟಾಟ್ ಇಲ್ಲದೆ ಹೀಟರ್ ಹಚ್ಚಬೇಡಿ, ಗೂಡು ಯಾವುದರಿಂದ ಮಾಡಿದ್ದೇ ಆಗಲಿ.

ಮುಂಭಾಗಕ್ಕೆ 5 ಎಂಎಂ ಟಫನ್ಡ್ ಗಾಜು, ಅಲ್ಯೂಮಿನಿಯಂ ಟ್ರ್ಯಾಕ್‌ನಲ್ಲಿ ಜಾರುವ ಹಾಗೆ. ಎರಡು ಗಾಜು ಒಂದರ ಮೇಲೊಂದು ಬರುವಲ್ಲಿ ಸಂದು ಎಷ್ಟಿದೆ ನೋಡಿಕೊಳ್ಳಿ. ಹಾವು ರಾತ್ರಿಯೆಲ್ಲ ಅಲ್ಲೇ ಮೂತಿ ತೂರಿಸಿ ತಳ್ಳುತ್ತದೆ. ಶೋಕೇಸ್ ಲಾಕ್ ಹಾಕಿಸಿ. ಗಾಳಿಗೆ ಒಂದು ಬದಿ ಕೆಳಗೆ, ಎದುರು ಬದಿ ಮೇಲೆ ಸಣ್ಣ ತೂತುಗಳು ಸಾಕು. ಒರಟು ಜಾಲರಿ ಬೇಡ, ಮೂತಿ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ.

ದೇವದಾರು ಮರ ಯಾವ ಕಾರಣಕ್ಕೂ ಒಳಗೆ ಬರಬಾರದು. ಅದರ ಎಣ್ಣೆಯ ಘಾಟು ಹಾವಿನ ಉಸಿರಾಟಕ್ಕೆ ಕೆಟ್ಟದ್ದು. ಹಳೆ ಪ್ಯಾಲೆಟ್ ಮರ ಬಳಸುವ ಆಸೆಯಿದ್ದರೆ ಮೇಲಿನ ಮುದ್ರೆ ನೋಡಿ. ಎಚ್‌ಟಿ ಅಂತಿದ್ದರೆ ಬಿಸಿ ಮಾಡಿದ್ದು, ಎಂಬಿ ಅಂತಿದ್ದರೆ ವಿಷಾನಿಲ ಹಾಯಿಸಿದ್ದು. ಎಂಬಿ ಮರ ಮುಟ್ಟಲೂ ಬೇಡಿ.

ಪ್ರಶ್ನೆ: ನಮ್ಮದು ಮಂಗಳೂರು, ಸಮುದ್ರಕ್ಕೆ ಹತ್ತಿರ. ನೋಂದಣಿಯಾದ ಹಸಿರು ಇಗ್ವಾನಾ ಇದೆ. ಬಾಲ್ಕನಿಯಲ್ಲಿ ಬಿಸಿಲು ಬೀಳುವಲ್ಲಿ ದೊಡ್ಡ ಗಾಜಿನ ಗೂಡು ಕಟ್ಟಬಹುದಾ?
– ಓದುಗರು, ಮಂಗಳೂರು

ಉತ್ತರ: ಬೇಡ, ದಯವಿಟ್ಟು ಬೇಡ. ಬಿಸಿಲಿಗೆ ಬಿದ್ದ ಗಾಜಿನ ಪೆಟ್ಟಿಗೆ ಸ್ವಲ್ಪ ಹೊತ್ತಿನಲ್ಲೇ ಪ್ರಾಣ ಹೋಗುವಷ್ಟು ಕಾಯುತ್ತದೆ. ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಇಗ್ವಾನಾಕ್ಕೆ ಬಿಸಿಲು ಬೇಕಾದ್ದು ಯುವಿಬಿ ಕಿರಣಕ್ಕಾಗಿ. ಅದಿಲ್ಲದಿದ್ದರೆ ವಿಟಮಿನ್ ಡಿ ಆಗುವುದಿಲ್ಲ, ಮೂಳೆ ಮೆತ್ತಗಾಗುತ್ತದೆ. ಕಿಟಕಿ ಗಾಜು ಆ ಕಿರಣವನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಬಿಸಿಲಲ್ಲೇ ಕೂತಿದ್ದರೂ ಪ್ರಯೋಜನ ಸಿಗುವುದಿಲ್ಲ.

ನಿಮಗೆ ಬೇಕಾದ್ದು ಜಾಲರಿ ಗೂಡು. ಬೆಂಗಳೂರಿನವರಿಗೆ ಹೇಳಿದ್ದಕ್ಕೆ ಇದು ಪೂರ್ತಿ ಉಲ್ಟಾ. ಅವರು ತೇವ ಹಿಡಿದಿಡಬೇಕು, ನಿಮ್ಮೂರಲ್ಲಿ ತೇವಕ್ಕೆ ಕೊರತೆಯಿಲ್ಲ, ಗಾಳಿ ಆಡಬೇಕು. ಪೌಡರ್ ಕೋಟಿಂಗ್ ಇರುವ ಅಲ್ಯೂಮಿನಿಯಂ ಚೌಕಟ್ಟು ಮಾಡಿಸಿ, ಅದಕ್ಕೆ ವೆಲ್ಡ್ ಮಾಡಿದ ಸ್ಟೀಲ್ ಜಾಲರಿ ಹಾಕಿಸಿ. ಉಪ್ಪುಗಾಳಿಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಜಾಲರಿ ಬೇಗ ತುಕ್ಕು ಹಿಡಿಯುತ್ತದೆ, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೂಡ ಕಂದು ಕಲೆ ಕಟ್ಟುತ್ತದೆ. ಕೈಲಾದರೆ 316 ದರ್ಜೆಯದು ಹಾಕಿಸಿ. ಸೊಳ್ಳೆ ಜಾಲರಿ ಇಗ್ವಾನಾದ ಉಗುರಿಗೆ ತಡೆಯುವುದಿಲ್ಲ. ಬೆಳೆದ ಗಂಡು ಬಾಲ ಸೇರಿ ಐದಾರು ಅಡಿ ಆಗುತ್ತದೆ, ಮರ ಹತ್ತುವ ಪ್ರಾಣಿ. ಹಾಗಾಗಿ ಎತ್ತರ ಆರಡಿಯಾದರೂ ಇರಲಿ. ಅರ್ಧಕ್ಕೆ ನೆರಳು ಬರುವಂತೆ ಮೇಲೆ ಶೀಟ್ ಹಾಕಿ. ರಂಬೆಗಳು ಅದರ ಮೈಯಷ್ಟಾದರೂ ದಪ್ಪ ಇರಲಿ.

ಪ್ರಶ್ನೆ: ತೋಟದಲ್ಲಿ ಒಂದು ನಕ್ಷತ್ರ ಆಮೆ ಸಿಕ್ಕಿದೆ. ಮಕ್ಕಳು ಸಾಕೋಣ ಅಂತಿದ್ದಾರೆ. ಇದಕ್ಕೆ ಮರದ ಗೂಡು ಸಾಕಾ?
– ಓದುಗರು, ಕೋಲಾರ

ಉತ್ತರ: ಇದಕ್ಕೆ ಗೂಡು ಕಟ್ಟುವ ಹಾಗಿಲ್ಲ. ನಕ್ಷತ್ರ ಆಮೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತದೆ. ಕಾಡಿನಿಂದಾಗಲಿ ತೋಟದಿಂದಾಗಲಿ ತಂದು ಸಾಕುವುದು ಅಪರಾಧ. ಕಳ್ಳಸಾಗಣೆಯಿಂದ ತುಂಬಾ ನಲುಗಿರುವ ಪ್ರಾಣಿ ಇದು. 2019ರಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಇದರ ಮೇಲೆ ಅತ್ಯಂತ ಬಿಗಿ ನಿರ್ಬಂಧ ಇದೆ. ಗಾಯವಿಲ್ಲದಿದ್ದರೆ ಇದ್ದಲ್ಲೇ ಬಿಟ್ಟುಬಿಡಿ, ಆ ತೋಟವೇ ಅದರ ಮನೆ ಇರಬಹುದು. ಗಾಯವಾಗಿದ್ದರೆ ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿ. ಅವರು ಬರುವವರೆಗೆ ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಒಣ ಹುಲ್ಲು ಹಾಸಿ, ನೆರಳಲ್ಲಿಡಿ.