ಓದುಗರ ಪ್ರಶ್ನೆ: ಬೆನ್ನು ನೋವು ಹೋಯ್ತು, ಹೊಟ್ಟೆಯೊಳಗಿನ ಉರಿ ಹೋಗಲಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪತಂಜಲಿಯ ಅಷ್ಟಾಂಗ ಯೋಗದ ಬಗ್ಗೆಯೇ ಇವೆ. ಐದನ್ನು ಆರಿಸಿದ್ದೇನೆ. ಮೊದಲ ಪತ್ರಕ್ಕೆ ಉದ್ದದ ಉತ್ತರ ಕೊಟ್ಟಿದ್ದೇನೆ, ಯಾಕೆಂದರೆ ಅದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಇನ್ನೂ ಹಲವರು ಕೇಳಿದ್ದಾರೆ.

ಪ್ರಶ್ನೆ: ಅಕ್ಕ, ಎರಡು ವರ್ಷದಿಂದ ದಿನಾ ಬೆಳಿಗ್ಗೆ ಯೋಗದ ಕ್ಲಾಸಿಗೆ ಹೋಗುತ್ತಿದ್ದೇನೆ. ಸೂರ್ಯ ನಮಸ್ಕಾರ, ಆಸನ, ಕೊನೆಗೆ ಶವಾಸನ. ಬೆನ್ನು ನೋವು ಪೂರ್ತಿ ಹೋಯ್ತು. ಆದರೆ ಅಮ್ಮ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನ ಅಣ್ಣ ನನಗೆ ಒಂದು ಮಾತು ತಿಳಿಸಲಿಲ್ಲ. ಜೀವ ಇದ್ದಾಗ ಅಮ್ಮನ ಮುಖ ನೋಡಲು ಆಗಲೇ ಇಲ್ಲ. ಆ ಉರಿ ಇವತ್ತಿಗೂ ಹಾಗೇ ಇದೆ. ಯೋಗ ಮಾಡಿದರೆ ದುಃಖ ಹೋಗುತ್ತೆ ಅಂತಾರಲ್ಲ, ನನಗೆ ಯಾಕೆ ಹೋಗಲಿಲ್ಲ?
(ಒಬ್ಬ ಗೃಹಿಣಿ, ತಿಪಟೂರು)

ಉತ್ತರ: ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ನೀವು ಮಾಡುತ್ತಿರುವುದರಲ್ಲಿ ತಪ್ಪೇನೂ ಇಲ್ಲ. ಪತಂಜಲಿ ಹೇಳಿದ ಯೋಗದ ಎಂಟು ಅಂಗಗಳಲ್ಲಿ ಒಂದನ್ನು ಚೆನ್ನಾಗಿ ಮಾಡುತ್ತಿದ್ದೀರಿ, ಅಷ್ಟೇ. ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣೆ, ಧ್ಯಾನ, ಸಮಾಧಿ. ಅವರ ಯೋಗಸೂತ್ರದಲ್ಲಿ ಇರುವುದು 195 ಸೂತ್ರ, ಕೆಲವು ಪ್ರತಿಗಳಲ್ಲಿ 196. ಆಸನ ಹೇಗಿರಬೇಕು, ಅದರಿಂದ ಏನಾಗುತ್ತದೆ ಅಂತ ಹೇಳುವುದು ಅದರಲ್ಲಿ ಬರೀ ಮೂರು. ಸೂರ್ಯ ನಮಸ್ಕಾರದ ಹೆಸರೇ ಅಲ್ಲಿಲ್ಲ. ಬೆನ್ನಿಗೆ ಮಾಡಿದ ಕೆಲಸ ಬೆನ್ನಿಗೆ ತಲುಪಿದೆ. ಉರಿಗೆ ಮಾಡಬೇಕಾದ ಕೆಲಸ ಇನ್ನೂ ಬಾಕಿ ಇದೆ.

ದುಃಖದ ಬಗ್ಗೆ ಪತಂಜಲಿ ಹೇಳಿದ ಒಂದು ಮಾತು ನಿಮಗಾಗಿಯೇ ಬರೆದ ಹಾಗಿದೆ. ಎರಡನೇ ಪಾದದ, ಅಂದರೆ ಅಧ್ಯಾಯದ, 16ನೇ ಸೂತ್ರ, ಮೂರೇ ಪದ: ಹೇಯಂ ದುಃಖಮ್ ಅನಾಗತಮ್. ಇನ್ನೂ ಬಾರದಿರುವ ದುಃಖವನ್ನು ತಪ್ಪಿಸಬೇಕು. ಇದಕ್ಕೆ ಭಾಷ್ಯ ಬರೆದ ವ್ಯಾಸರು ಇನ್ನೂ ಬಿಡಿಸಿ ಹೇಳುತ್ತಾರೆ. ಹಿಂದಿನ ದುಃಖವನ್ನು ಉಂಡು ಮುಗಿಸಿ ಆಗಿದೆ, ಈ ಕ್ಷಣದ್ದನ್ನು ಈಗ ಉಣ್ಣುತ್ತಿದ್ದೇವೆ, ಆದ್ದರಿಂದ ನಮ್ಮ ಕೈಯಲ್ಲಿ ಉಳಿದಿರುವುದು ಮುಂದಿನದು ಮಾತ್ರ. ಆಗಿಹೋದದ್ದನ್ನು ಅಳಿಸಿಕೊಡುತ್ತೇವೆ ಅಂತ ಇವರಿಬ್ಬರೂ ಎಲ್ಲೂ ಮಾತು ಕೊಟ್ಟಿಲ್ಲ. ಆ ಹನ್ನೊಂದು ದಿನ ಹೋದವು. ಅವನ್ನು ಯಾವ ಯೋಗವೂ ವಾಪಸು ತರುವುದಿಲ್ಲ.

ಹಾಗಾದರೆ ಬಾರದಿರುವ ದುಃಖ ಯಾವುದು? ನಾಳೆ ಬೆಳಿಗ್ಗೆ ಶವಾಸನದಲ್ಲಿ ಕಣ್ಣು ಮುಚ್ಚಿದ ಕೂಡಲೇ ಬರುವುದು. ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ತಂದು ಹೊಸಿಲಲ್ಲಿ ನಿಂತಾಗ ಬರುವುದು. ಅವನು ಬಾರದೇ ಹೋದರೆ, ಆಗ ಬರುವುದು. ಒಂದು ಅನುಭವ ಮನಸ್ಸಿನಲ್ಲಿ ಗೆರೆ ಬಿಟ್ಟು ಹೋಗುತ್ತದೆ, ಆ ಗೆರೆ ನೆನಪನ್ನು ಎಬ್ಬಿಸುತ್ತದೆ, ನೆನಪು ಮತ್ತೆ ಅದೇ ನೋವು ಕೊಡುತ್ತದೆ, ಆ ನೋವು ಗೆರೆಯನ್ನು ಇನ್ನಷ್ಟು ಆಳ ಮಾಡುತ್ತದೆ. ಇದನ್ನು ಸಂಸ್ಕಾರ ದುಃಖ ಅಂತ ಕರೆಯುತ್ತಾರೆ. ಎಂಟು ಅಂಗಗಳು ಕೆಲಸ ಮಾಡುವುದು ಈ ಸುತ್ತಿನ ಮೇಲೆ.

ಯೋಗ ಶುರು ಮಾಡಿದ ಮೇಲೆ ನೋವು ಜಾಸ್ತಿ ಗೊತ್ತಾಗುತ್ತಿದೆ ಅಂತ ನಿಮಗೆ ಅನಿಸಿದ್ದರೆ ಅದಕ್ಕೂ ಭಾಷ್ಯದಲ್ಲಿ ಉತ್ತರ ಇದೆ. ಉಣ್ಣೆಯ ಒಂದು ಎಳೆ ಮೈಯ ಬೇರೆ ಕಡೆ ಬಿದ್ದರೆ ಗೊತ್ತೇ ಆಗುವುದಿಲ್ಲ, ಕಣ್ಣಿಗೆ ಬಿದ್ದರೆ ತಡೆಯಲು ಆಗುವುದಿಲ್ಲ. ಸಾಧನೆ ಮಾಡುವವರ ಮನಸ್ಸು ಕಣ್ಣಿನ ಹಾಗೆ ಅನ್ನುತ್ತಾರೆ ವ್ಯಾಸರು. ಹಾಗಾಗಿ ಹಿಂದೆ ಹೋಗುತ್ತಿದ್ದೇನೆ ಅಂತ ಹೆದರಬೇಡಿ.

ಈಗ ಕೆಲಸಕ್ಕೆ ಬರೋಣ. ಪತಂಜಲಿ ಮೊದಲು ಇಟ್ಟಿರುವುದು ಯಮವನ್ನು. ಅಹಿಂಸೆ, ಸತ್ಯ, ಅಸ್ತೇಯ (ಕದಿಯದಿರುವುದು), ಬ್ರಹ್ಮಚರ್ಯ, ಅಪರಿಗ್ರಹ (ಕೂಡಿಡದಿರುವುದು). ಐದೂ ನಾವು ಇನ್ನೊಬ್ಬರ ಜೊತೆ, ಲೋಕದ ಜೊತೆ ಹೇಗಿರುತ್ತೇವೆ ಅನ್ನುವುದಕ್ಕೇ ಸೇರಿದ್ದು. ಚಾಪೆ ಹಾಸುವ ಮೊದಲೇ ಇದು. ಯಾಕೆ ಹೀಗೆ ಅಂತ ನನಗೆ ತುಂಬಾ ದಿನ ಅರ್ಥವಾಗಿರಲಿಲ್ಲ.

ಕೆಲವು ವರ್ಷದ ಹಿಂದೆ ಹತ್ತಿರದ ಒಬ್ಬರ ಮೇಲೆ ನನಗೆ ಹೀಗೇ ಸಿಟ್ಟಿತ್ತು. ರಾತ್ರಿ ಹನ್ನೊಂದೂವರೆ. ಅಡುಗೆಮನೆ ಕಟ್ಟೆಗೆ ಒರಗಿ ವಾಟ್ಸಾಪ್‌ನಲ್ಲಿ ಉದ್ದದ ಮೆಸೇಜು ಟೈಪ್ ಮಾಡಿದ್ದೆ. ಹೆಬ್ಬೆರಳು ಕಳಿಸುವ ಗುರುತಿನ ಹತ್ತಿರ ಇತ್ತು. ಬೆರಳು ಸಣ್ಣಗೆ ನಡುಗುತ್ತಿತ್ತು, ಉಸಿರು ಗಂಟಲಿಂದ ಕೆಳಗೆ ಇಳಿಯುತ್ತಿರಲಿಲ್ಲ. ಚಂಚಲ ಮನಸ್ಸಿನ ಜೊತೆಗೆ ಬರುವವು ಅಂತ ಪತಂಜಲಿ ಒಂದು ಸೂತ್ರದಲ್ಲಿ ಹೇಳಿದ್ದಾರೆ: ದುಃಖ, ಮನಸ್ಸು ಕೆಡುವುದು, ಮೈ ನಡುಕ, ಏರುಪೇರಾದ ಉಸಿರು. ನಾಲ್ಕೂ ಅಲ್ಲೇ ಆ ಕಟ್ಟೆಯ ಹತ್ತಿರ ನನ್ನ ಮೈಮೇಲೆ ಇದ್ದವು. ಉಸಿರನ್ನು ನಿಧಾನವಾಗಿ ಹೊರಗೆ ಬಿಟ್ಟೆ, ಐದಾರು ಸಲ. ಫೋನು ಮಗುಚಿಟ್ಟು ಮಲಗಿದೆ. ಬೆಳಿಗ್ಗೆ ಓದಿದರೆ ಅದರಲ್ಲಿ ಅರ್ಧ ಮಾತು ನನ್ನ ನೋವಿನದು, ಇನ್ನರ್ಧ ಅವರಿಗೆ ಚುಚ್ಚಲಿ ಅಂತಲೇ ಬರೆದದ್ದು. ಆ ಅರ್ಧ ಅಳಿಸಿ ಉಳಿದದ್ದನ್ನು ಕಳಿಸಿದೆ. ಸಂಬಂಧ ಸರಿಹೋಯಿತು ಅಂತ ಹೇಳಲಾರೆ. ಆದರೆ ಆ ರಾತ್ರಿ ಕಳಿಸಿದ್ದರೆ ಆಮೇಲಿನ ಎಷ್ಟೋ ರಾತ್ರಿ ಅದನ್ನೇ ಮತ್ತೆ ಮತ್ತೆ ಓದಿಕೊಳ್ಳುತ್ತಿದ್ದೆ. ಆ ಬಾರದ ದುಃಖ ಬಾರಲೇ ಇಲ್ಲ. ಯಮ ಮೊದಲು ಯಾಕೆ ಅಂತ ಆಗ ತಿಳಿಯಿತು.

ಇದಕ್ಕೆ ಸೂತ್ರದಲ್ಲಿರುವ ಹೆಸರು ಪ್ರತಿಪಕ್ಷ ಭಾವನೆ. ಕೆಟ್ಟ ಯೋಚನೆ ಕಾಡಿದಾಗ ಅದರ ಫಲ ಏನು ಅಂತ ಕೇಳಿಕೊಳ್ಳುವುದು. ಹಿಂಸೆಯನ್ನು ಪತಂಜಲಿ ಎಷ್ಟು ಸೂಕ್ಷ್ಮವಾಗಿ ನೋಡಿದ್ದಾರೆ ನೋಡಿ: ನಾವೇ ಮಾಡಿದ್ದು, ಮಾಡಿಸಿದ್ದು, ಯಾರೋ ಮಾಡಿದಾಗ ಸರಿ ಅಂದದ್ದು. ಆಸೆಯಿಂದ, ಸಿಟ್ಟಿನಿಂದ, ಮೋಹದಿಂದ. ಸ್ವಲ್ಪ, ಮಧ್ಯಮ, ತೀವ್ರ. ವ್ಯಾಸರು ಇದನ್ನು ಗುಣಿಸುತ್ತಾ 81 ಬಗೆಯವರೆಗೆ ಹೋಗುತ್ತಾರೆ. ಅಣ್ಣನಿಗೆ ಏನಾದರೂ ತೊಂದರೆ ಆದಾಗ ಒಳಗೊಳಗೇ ಆಗಲಿ ಬಿಡು ಅನಿಸುತ್ತದಲ್ಲ, ಅದೂ ಆ ಲೆಕ್ಕದಲ್ಲಿ ಇದೆ. ಅದು ನಿಮ್ಮನ್ನೇ ಸುಡುತ್ತದೆ, ಅಲ್ವಾ?

ಅಮ್ಮನ ಬಗ್ಗೆ ಇರುವ ದುಃಖ ಬೇರೆ, ಅಣ್ಣನ ಮೇಲಿನ ಉರಿ ಬೇರೆ. ಉರಿ ದ್ವೇಷಕ್ಕೆ ಸೇರಿದ್ದು, ನೋವಿನ ಬೆನ್ನಿಗೇ ಅಂಟಿ ಬರುವ ಕ್ಲೇಶ ಅದು. ಅಮ್ಮನಿಗಾಗಿ ಬರುವ ಕಣ್ಣೀರನ್ನು ಓಡಿಸಲು ಹೋಗಬೇಡಿ. ಇದು ನನ್ನ ಮಾತು, ಸೂತ್ರದ್ದಲ್ಲ. ಉರಿಗೆ ಮಾತ್ರ ದಿನಾ ಸ್ವಲ್ಪ ಕೆಲಸ ಮಾಡಿ. ಶವಾಸನದಲ್ಲಿ ಅಣ್ಣ ನೆನಪಾದ ಕೂಡಲೇ ಉಸಿರು ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡಿ, ಉದ್ದಕ್ಕೆ ಹೊರಗೆ ಬಿಡಿ. ಮತ್ತೆ ಮನಸ್ಸಾದ ದಿನ ಅವನಿಗೆ ಒಂದೇ ಮಾತು ಹೇಳಿ: ನೀನು ತಿಳಿಸಲಿಲ್ಲವಲ್ಲ, ನನಗೆ ತುಂಬಾ ನೋವಾಯ್ತು. ಅದರ ಮೇಲೆ ಒಂದು ಮಾತೂ ಸೇರಿಸಬೇಡಿ.

ಊಟ ಸೇರದೆ, ನಿದ್ದೆ ಬಾರದೆ, ಬದುಕೇ ಬೇಡ ಅನಿಸುವಷ್ಟು ಆದರೆ ಯೋಗವನ್ನೇ ನಂಬಿ ಕೂರಬೇಡಿ, ಮನೋವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 68. ಎರಡೂ ಮಂಡಿ ಸವೆದಿವೆ, ನೆಲದ ಮೇಲೆ ಕೂರಲು ಆಗುವುದಿಲ್ಲ. ಪದ್ಮಾಸನ ಬಾರದವನಿಗೆ ಧ್ಯಾನ ಇಲ್ಲ ಅಂತ ಒಬ್ಬರು ಹೇಳಿದರು. ನನ್ನ ಕಾಲ ಮುಗಿಯಿತೇ?
(ಹೊಸಪೇಟೆ)

ಉತ್ತರ: ಮೇಷ್ಟ್ರೇ, ಖಂಡಿತ ಇಲ್ಲ. ಸ್ಥಿರಸುಖಮ್ ಆಸನಮ್. ಅಲುಗಾಡದೆ, ಹಾಯಾಗಿ ಕೂರುವುದೇ ಆಸನ. ಮುಂದಿನ ಸೂತ್ರ ಇನ್ನೂ ಮುಖ್ಯ, ಪ್ರಯತ್ನವನ್ನು ಸಡಿಲ ಬಿಡಬೇಕು ಅನ್ನುತ್ತದೆ. ಹಲ್ಲು ಕಚ್ಚಿಕೊಂಡು ಕೂತ ಪದ್ಮಾಸನ ಈ ಸೂತ್ರಕ್ಕೆ ಹೊಂದುವುದಿಲ್ಲ. ವ್ಯಾಸರು ಹೆಸರಿಸಿದ ಆಸನಗಳಲ್ಲಿ ಪದ್ಮಾಸನದ ಜೊತೆಗೇ ಸೋಪಾಶ್ರಯ ಅಂತ ಒಂದಿದೆ, ಅಂದರೆ ಆಸರೆ ಇಟ್ಟುಕೊಂಡು ಕೂರುವುದು. ಯಥಾಸುಖ ಅಂತಲೂ ಇದೆ, ಹೇಗೆ ಹಿತವೋ ಹಾಗೆ.

ನಿಮ್ಮೂರಿಂದ ಹಂಪಿ ಹತ್ತಿರವೇ. ಅಲ್ಲಿನ ದೊಡ್ಡ ನರಸಿಂಹನ ಮಂಡಿಗಳ ಸುತ್ತ ಒಂದು ಪಟ್ಟಿ ಇದೆ, ಗಮನಿಸಿದ್ದೀರಾ? ಅದು ಯೋಗಪಟ್ಟ. ಕಾಲು ಜಾರದೆ, ಬೆನ್ನಿಗೆ ದಣಿವಾಗದೆ ತುಂಬಾ ಹೊತ್ತು ಕೂರಲು ಕಟ್ಟಿಕೊಳ್ಳುತ್ತಿದ್ದ ಬಟ್ಟೆ. ಮೇಲುಕೋಟೆಯ ಯೋಗನರಸಿಂಹನಿಗೂ ಇದೆ. ದೇವರಿಗೇ ಆಸರೆ ಕಟ್ಟಿ ಕೂರಿಸಿದ್ದಾರೆ ನಮ್ಮ ಶಿಲ್ಪಿಗಳು. ನೀವು ಕೈಯಿಲ್ಲದ ಗಟ್ಟಿ ಕುರ್ಚಿ ತಗೊಳ್ಳಿ, ಪಾದ ಪೂರ್ತಿ ನೆಲಕ್ಕೆ ತಾಗಲಿ, ತಾಗದಿದ್ದರೆ ಕೆಳಗೆ ಒಂದು ಮಣೆ ಇಡಿ. ಬೆನ್ನು ನೆಟ್ಟಗಿರಲಿ. ಅಷ್ಟು ಸಾಕು.

ಪ್ರಶ್ನೆ: ನಾನು ನೇರ ಮಾತಿನವನು. ಸತ್ಯವೂ ಯಮದಲ್ಲಿ ಒಂದು ತಾನೇ? ಆದರೆ ಮನೆಯಲ್ಲಿ ಎಲ್ಲರಿಗೂ ನನ್ನ ಮಾತಿಂದ ಬೇಜಾರು.
(ದಾವಣಗೆರೆ)

ಉತ್ತರ: ಸಾಲಿನಲ್ಲಿ ಅಹಿಂಸೆ ಮೊದಲು, ಸತ್ಯ ಆಮೇಲೆ. ಉಳಿದ ಯಮ ನಿಯಮಗಳಿಗೆಲ್ಲ ಅಹಿಂಸೆಯೇ ಬೇರು ಅಂತ ಭಾಷ್ಯ ಹೇಳುತ್ತದೆ. ಇನ್ನೊಬ್ಬರಿಗೆ ಹಾನಿ ಮಾಡುವ ಮಾತು ನಿಜವೇ ಆಗಿದ್ದರೂ ಅದನ್ನು ಸತ್ಯ ಅಂತ ಒಪ್ಪುವುದಿಲ್ಲ. ಹಾಗಂತ ಸುಳ್ಳು ಹೇಳಬೇಕಿಲ್ಲ. ಮೇಲೆ ತಿಪಟೂರಿನ ತಂಗಿಗೆ ಹೇಳಿದ ಅಳಿಸುವ ಕೆಲಸವನ್ನು ನೀವೂ ಮಾಡಿ, ಮಾತು ಬಾಯಿಂದ ಹೊರಗೆ ಬರುವ ಮೊದಲು.

ಪ್ರಶ್ನೆ: ವಿದೇಶದವರು ಮೈಸೂರಿಗೆ ಬಂದು ಕಲಿಯುವ ಅಷ್ಟಾಂಗ ಯೋಗವೂ ಪತಂಜಲಿಯ ಅಷ್ಟಾಂಗವೂ ಒಂದೇನಾ?
(ಬೆಂಗಳೂರು)

ಉತ್ತರ: ಹೆಸರು ಒಂದೇ, ಅರ್ಥದ ಹರವು ಬೇರೆ. ಮೈಸೂರಿನದು ಉಸಿರಿನ ಲೆಕ್ಕಕ್ಕೆ ಸರಿಯಾಗಿ ಒಂದಾದ ಮೇಲೊಂದು ಆಸನ ಮಾಡುವ ಪದ್ಧತಿ. ಅದನ್ನು ಬೆಳೆಸಿದವರು ಹಾಸನದ ಹತ್ತಿರದ ಕೌಶಿಕದಲ್ಲಿ ಹುಟ್ಟಿದ ಕೆ. ಪಟ್ಟಾಭಿ ಜೋಯಿಸರು. 1948ರಲ್ಲಿ ಲಕ್ಷ್ಮೀಪುರಂನಲ್ಲಿ ಶಾಲೆ ಶುರು ಮಾಡಿದರು, ಆಮೇಲೆ ಅದು ಗೋಕುಲಂಗೆ ಹೋಯಿತು. ಅವರ ಗುರು ಚಿತ್ರದುರ್ಗ ಕಡೆಯ ಟಿ. ಕೃಷ್ಣಮಾಚಾರ್ಯರು. ನಾಲ್ವಡಿಯವರ ಆಶ್ರಯದಲ್ಲಿ 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತಿದ್ದರು. ಅವರ ಯೋಗ ಮಕರಂದ 1934ರಲ್ಲಿ ಬಂದದ್ದು ಕನ್ನಡದಲ್ಲಿ. ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರೂ ಅವರ ಶಿಷ್ಯರೇ. ಜಗತ್ತು ಇವತ್ತು ಯೋಗ ಅಂತ ಕರೆಯುವುದರಲ್ಲಿ ಎಷ್ಟೋ ಭಾಗ ನಮ್ಮ ಮೈಸೂರಿನ ಒಂದು ಕೋಣೆಯಿಂದ ಹೊರಟದ್ದು ಅಂತ ನೆನೆದರೆ ನನಗೆ ಈಗಲೂ ಸಂತೋಷವಾಗುತ್ತದೆ.

ಆಸನದಿಂದ ಶುರು ಮಾಡಿದರೆ ಉಳಿದ ಅಂಗಗಳು ಹಿಂದೆ ಬರುತ್ತವೆ ಅನ್ನುವುದು ಜೋಯಿಸರ ನಂಬಿಕೆ. ನನಗೆ ಇದರಲ್ಲಿ ಅರ್ಧ ಒಪ್ಪಿಗೆ ಇದೆ. ಮೈ ಒಂದು ಶಿಸ್ತಿಗೆ ಬಂದರೆ ಮನಸ್ಸಿಗೆ ಸಹಾಯ ಆಗುತ್ತದೆ, ನಿಜ. ಆದರೆ ಅವು ತಾವಾಗಿಯೇ ಬರುವುದನ್ನು ನಾನು ನೋಡಿಲ್ಲ. ಕರೆದರೆ ಬರುತ್ತವೆ.

ಪ್ರಶ್ನೆ: ಇಂಜಿನಿಯರಿಂಗ್ ಕೊನೆಯ ವರ್ಷ. ದಿನಾ ಇಪ್ಪತ್ತು ನಿಮಿಷ ಧ್ಯಾನಕ್ಕೆ ಕೂರುತ್ತೇನೆ. ಎರಡನೇ ನಿಮಿಷಕ್ಕೆ ಮನಸ್ಸು ಫೋನಿನ ಕಡೆ ಓಡುತ್ತದೆ. ಪರೀಕ್ಷೆ ಬಂದರೆ ವಾರಗಟ್ಟಲೆ ಬಿಟ್ಟುಬಿಡುತ್ತೇನೆ. ಧ್ಯಾನ ಬರಲು ಎಷ್ಟು ದಿನ ಬೇಕು?
(ಬೆಳಗಾವಿ)

ಉತ್ತರ: ತಮ್ಮಾ, ನೀನು ಮಾಡುತ್ತಿರುವುದು ಧಾರಣೆ. ಮನಸ್ಸನ್ನು ಒಂದು ಕಡೆ ಕಟ್ಟುವುದು ಧಾರಣೆ, ಆ ಒಂದೇ ಅರಿವು ಎಣ್ಣೆ ಸುರಿದ ಹಾಗೆ ಎಳೆ ಕಡಿಯದೆ ಹರಿದರೆ ಧ್ಯಾನ. ಮನಸ್ಸು ಓಡಿತು, ಓಡಿದ್ದು ಗೊತ್ತಾಯಿತು, ವಾಪಸು ತಂದೆ. ಸೋತೆ ಅಂತ ಯಾಕೆ ಅಂದುಕೊಳ್ಳುತ್ತೀಯ? ಅಭ್ಯಾಸ ನಡೆಯುವುದೇ ಹೀಗೆ.

ಅದಕ್ಕೂ ಒಂದು ಹೆಜ್ಜೆ ಹಿಂದೆ ಪ್ರತ್ಯಾಹಾರ ಇದೆ, ಅಂದರೆ ಇಂದ್ರಿಯಗಳನ್ನು ಹೊರಗಿನಿಂದ ಒಳಕ್ಕೆ ತಿರುಗಿಸುವುದು. ರಾಜ ಜೇನು ಹಾರಿದರೆ ಎಲ್ಲ ಜೇನೂ ಹಾರುತ್ತವೆ, ಅದು ಕೂತರೆ ಎಲ್ಲವೂ ಕೂರುತ್ತವೆ, ಮನಸ್ಸು ನಿಂತರೆ ಇಂದ್ರಿಯಗಳೂ ಹಾಗೆ ಅನ್ನುತ್ತಾರೆ ವ್ಯಾಸರು. ನಾವು ರಾಣಿ ಜೇನು ಅಂತೀವಿ. ಶಿರಸಿ ಕಡೆ ಜೇನು ಸಾಕುವವರನ್ನು ಕೇಳು, ರಾಣಿಯನ್ನು ಪೆಟ್ಟಿಗೆಗೆ ಸೇರಿಸಿದರೆ ಉಳಿದವು ತಾವೇ ಒಳಗೆ ಬರುತ್ತವೆ. ಒಂದೊಂದೇ ಹುಳ ಹಿಡಿಯಲು ಯಾರೂ ಹೋಗುವುದಿಲ್ಲ. ಫೋನು ಬೇಡ, ಸದ್ದು ಬೇಡ ಅಂತ ಒಂದೊಂದರ ಜೊತೆ ಜಗಳ ಆಡುವ ಬದಲು ಮನಸ್ಸಿಗೆ ಕೂರಲು ಒಂದು ಜಾಗ ಕೊಡು, ಮೂಗಿನ ತುದಿಯಲ್ಲಿ ಉಸಿರು ತಾಗುವ ಜಾಗ ಆಗಬಹುದು. ಫೋನು ಪಕ್ಕದ ಕೋಣೆಯಲ್ಲಿರಲಿ, ಅಷ್ಟಂತೂ ಮಾಡಲೇಬೇಕು.

ಎಷ್ಟು ದಿನ ಅನ್ನುವುದಕ್ಕೆ ಸೂತ್ರದಲ್ಲಿ ದಿನದ ಲೆಕ್ಕ ಇಲ್ಲ. ತುಂಬಾ ಕಾಲ, ನಡುವೆ ಬಿಡದೆ, ಆದರದಿಂದ ಮಾಡಿದರೆ ಅಭ್ಯಾಸ ಗಟ್ಟಿಯಾಗುತ್ತದೆ ಅಂತ ಮಾತ್ರ ಇದೆ. ನಿನ್ನ ತೊಂದರೆ ಇರುವುದು ನಡುವೆ ಬಿಡುವುದರಲ್ಲಿ. ಇಪ್ಪತ್ತು ನಿಮಿಷವನ್ನು ಎಂಟಕ್ಕೆ ಇಳಿಸು. ಪರೀಕ್ಷೆಯ ದಿನ ಬೆಳಿಗ್ಗೆಯೂ ಎಂಟು, ಊರಿನ ಜಾತ್ರೆಯ ದಿನವೂ ಎಂಟು. ಮೂರು ತಿಂಗಳಾದ ಮೇಲೆ ಮತ್ತೆ ಬರೆ.