30×40 ಸೈಟಿಗೂ ಇಕೋ ನಿವಾಸ್ ಸಂಹಿತೆ ಬೇಕಾ?

ಪ್ರಶ್ನೆ: ಬೆಂಗಳೂರಿನಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸಲು ಹೊರಟಿದ್ದೇವೆ. ಮೇಲಿನ ಎರಡೂ ಬೆಡ್‌ರೂಮು ಪಶ್ಚಿಮಕ್ಕೆ ಬಂದಿವೆ. ‘ಇಕೋ ನಿವಾಸ್ ಸಂಹಿತೆ’ ಪ್ರಕಾರ ಕಟ್ಟಿಸು ಅಂತ ತಮ್ಮ ಹೇಳುತ್ತಾನೆ. ಅದೆಲ್ಲ ದೊಡ್ಡ ಅಪಾರ್ಟ್‌ಮೆಂಟಿಗೆ ಅಂತಾರೆ ಕಂಟ್ರಾಕ್ಟರ್. ಯಾರ ಮಾತು ಕೇಳೋದು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕಾನೂನಿನ ಲೆಕ್ಕದಲ್ಲಿ ಕಂಟ್ರಾಕ್ಟರ್ ಹೇಳಿದ್ದು ಸರಿ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಈ ಸಂಹಿತೆ, ಅಂದರೆ ಮನೆಯೊಳಗೆ ಬಿಸಿ ಕಮ್ಮಿ ಬಂದು ಕರೆಂಟ್ ಉಳಿಯುವ ಹಾಗೆ ಕಟ್ಟುವ ನಿಯಮಗಳನ್ನು ತಂದಾಗ 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಸೈಟುಗಳಿಗೆ ಅಂತ ಬರೆಯಿತು, ನಿಮ್ಮದು ಬರೀ 111. ಆದರೆ ಬಿಸಿಲಿಗೆ ಸೈಟಿನ ಅಳತೆ ಗೊತ್ತಿಲ್ಲವಲ್ಲ! ತಮ್ಮನ ಮಾತು ಕೇಳಿ.

ಮೊದಲು ತಾರಸಿ. ನಮ್ಮ ಮನೆಯಲ್ಲಿ ಬರೀ ಮೋಲ್ಡ್ ಹಾಕಿ ಬಿಟ್ಟಿದ್ದೆವು. ಏಪ್ರಿಲ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಸ್ಟೂಲ್ ಹತ್ತಿ ಸೀಲಿಂಗ್ ಮುಟ್ಟಿದರೆ ಈಗತಾನೇ ಒಲೆಯಿಂದ ಇಳಿಸಿದ ಕಾವಲಿ ಹಾಗೆ ಬೆಚ್ಚಗಿರುತ್ತಿತ್ತು, ಫ್ಯಾನ್ ಹಾಕಿದರೆ ಅದೇ ಬಿಸಿ ಕೆಳಗೆ ಬರುತ್ತಿತ್ತು. ತಾರಸಿಯಿಂದ ಒಳಗಿಳಿಯುವ ಶಾಖಕ್ಕೆ ಸಂಹಿತೆ ಒಂದು ಮಿತಿ ಇಟ್ಟಿದೆ, ಯು-ವ್ಯಾಲ್ಯೂ (ಎಷ್ಟು ಶಾಖ ದಾಟಿ ಬರುತ್ತದೆ ಅನ್ನುವ ಅಳತೆ) 1.2 ದಾಟಬಾರದು. ಬರೀ ಮೋಲ್ಡ್ ಅದರ ಸುಮಾರು ಮೂರು ಪಟ್ಟು ಬಿಡುತ್ತದೆ. ವಾಟರ್‌ಪ್ರೂಫಿಂಗ್ ಆದ ಮೇಲೆ ಒಂದಿಂಚು ದಪ್ಪದ ಎಕ್ಸ್‌ಪಿಎಸ್ (ಶಾಖ ತಡೆಯುವ ಗಟ್ಟಿ ಫೋಮ್) ಶೀಟು ಹಾಸಿ, ಮೇಲೆ ಕಾಂಕ್ರೀಟ್ ಹಾಕಿ ಬಿಳಿ ಟೈಲ್ಸ್ ಕೂರಿಸಿದರೆ ಮಿತಿಯೊಳಗೆ ಬರುತ್ತದೆ. ಬಿಳಿ ಪೇಂಟ್ ಕೂಡ ಒಳ್ಳೆಯದೇ, ಅದೊಂದೇ ಸಾಲದು.

ಇನ್ನು ಕಿಟಕಿ. ಬೆಂಗಳೂರಿನಂಥ ಹವೆಗೆ, ತೆರೆಯುವ ಕಿಟಕಿ-ಬಾಗಿಲಿನ ಜಾಗ ನೆಲದ ವಿಸ್ತೀರ್ಣದ ಕನಿಷ್ಠ ಶೇ. 12.5 ಇರಬೇಕು ಅನ್ನುತ್ತದೆ ಸಂಹಿತೆ. 800 ಚದರ ಅಡಿಗೆ 100 ಚದರ ಅಡಿ ಆಯಿತು. ಇಲ್ಲೇ ಎಲ್ಲರೂ ಎಡವೋದು: ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ಎಷ್ಟೇ ದೊಡ್ಡದಿದ್ದರೂ ಅರ್ಧವೇ ತೆರೆಯುತ್ತದೆ, ಹಾಗಾಗಿ ಅರ್ಧವೇ ಲೆಕ್ಕ. ಹೊರಗೆ ತೆರೆಯುವ ಹಳೇ ಥರದ ಕಿಟಕಿಗೆ ಶೇ. 90 ಸಿಗುತ್ತದೆ.

ಪಶ್ಚಿಮದ ಗೋಡೆಗೆ ಸಜ್ಜಾ ಹಾಕಿದರೆ ಸಾಕು ಅನ್ನಬೇಡಿ. ಸಂಜೆ ಬಿಸಿಲು ಓರೆಯಾಗಿ ಸಜ್ಜಾ ಕೆಳಗಿಂದಲೇ ನುಗ್ಗುತ್ತದೆ. ಇನ್ನೂ ಪ್ಲಾನ್ ಹಂತದಲ್ಲಿದ್ದರೆ ಮೆಟ್ಟಿಲು, ಬಾತ್‌ರೂಮು ಪಶ್ಚಿಮಕ್ಕೆ ಹಾಕಿಸಿ, ಬೆಡ್‌ರೂಮು ಪೂರ್ವಕ್ಕೆ ತನ್ನಿ. ಆಗಲ್ಲ ಅಂದರೆ ಕಿಟಕಿ ಹೊರಗಡೆ ಬಿದಿರಿನ ಪರದೆ ಇಳಿಬಿಡಿ. ಒಳಗಿನ ಕರ್ಟನ್‌ನಿಂದ ಅಷ್ಟು ಉಪಯೋಗವಿಲ್ಲ, ಅಷ್ಟರಲ್ಲಿ ಬಿಸಿ ಗಾಜು ದಾಟಿ ಒಳಗೆ ಬಂದಾಗಿರುತ್ತದೆ.

ಪ್ರಶ್ನೆ: ಹೊಸ ಮನೆಗೆ ಮಳೆನೀರು ಕೊಯ್ಲು ಸುಮ್ನೆ ಖರ್ಚು ಅಲ್ವಾ?
– ಇನ್ನೊಬ್ಬ ಓದುಗರು

ಉತ್ತರ: ಅಲ್ಲ. ಬೆಂಗಳೂರಿನಲ್ಲಿ 30×40 ಮತ್ತು ಮೇಲಿನ ಸೈಟಿನ ಹೊಸ ಮನೆಗೆ ಜಲಮಂಡಳಿ ಇದನ್ನು ಕಡ್ಡಾಯ ಮಾಡಿದೆ. 800 ಚದರ ಅಡಿ ತಾರಸಿ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 740 ಲೀಟರ್ ನೀರು. ಒಂದೇ ಜೋರು ಮಳೆಯಲ್ಲಿ ಬರುವಷ್ಟು. ಮೊದಲ ಮಳೆಯ ಕೊಳೆ ಹೊರಗೆ ಹೋಗಲು ಪೈಪಿಗೆ ಒಂದು ವಾಲ್ವ್ ಇಡಿಸಿ, ಆಮೇಲೆ ಫಿಲ್ಟರ್, ಆಮೇಲೆ ಸಂಪು. ಸಂಪು ತುಂಬಿ ಉಕ್ಕಿದ್ದು ಚರಂಡಿಗಲ್ಲ, ಇಂಗುಗುಂಡಿಗೆ ಹೋಗಲಿ.